ಕದಿರೇಶನ ಪೋಸ್ಟಿಗೆ ಮುಯ್ಯಾಳು

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಸುಮ್ಮನೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಒಂದೇ ತಟ್ಟೆಯಲ್ಲಿ ಅರ್ಧ ಹುಳ ಜ್ವರಕ್ಕೆ ಕೂತು ಇನ್ನರ್ಧ ಮೇಯುತ್ತಲೇ ಇದ್ದರೆ ಆ ಬೆಳೆ ಕೈಗೆ ಹತ್ತುವುದಿಲ್ಲ. ಯಾಕೆ ಹಾಗಾಗುತ್ತದೆ ಎಂದು ನಾನು ಇಂಟರ್ನೆಟ್ಟಿನ ಒಂದು ಸೈಟಿನಲ್ಲಿ ಬರೆದಿದ್ದೆ. ನಾನು ಕೆಲಸ ಮಾಡುವುದು ಹುತ್ತೂರಿನ ಚಾಕಿ ಕೇಂದ್ರದಲ್ಲಿ, ಅಂದರೆ ಮೊಟ್ಟೆಯಿಂದ ಹೊರಬಂದ ಮರಿಗಳನ್ನು ಎರಡು ಜ್ವರ ದಾಟಿಸಿ ರೈತರಿಗೆ ಕೊಡುವ ಜಾಗದಲ್ಲಿ. ಅಲ್ಲಿ ಕಣ್ಣಾರೆ ಕಂಡದ್ದನ್ನೆಲ್ಲ ಸೇರಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ತಿದ್ದಿ ಬರೆದಿದ್ದೆ. ಮುಂದಿನ ಭಾನುವಾರ ಕೋಲಾರದ ಸೈಬರ್ ಸೆಂಟರಿಗೆ ಹೋಗಿ ತೆಗೆದು ನೋಡಿದರೆ ಅದರ ಕೆಳಗೆ ಏನೂ ಇಲ್ಲ. ಯಾರೂ ಹೊಗಳಿರಲಿಲ್ಲ, ಬೈದೂ ಇರಲಿಲ್ಲ. ತುಂಬಿದ ಪಂಕ್ತಿಯಲ್ಲಿ ಎದ್ದು ನಿಂತು ಮಾತಾಡಿದ ಮೇಲೂ ಎಲ್ಲರೂ ತಲೆ ಬಗ್ಗಿಸಿ ಸಾರು ಸುರಿಯುತ್ತಾ ಕೂತ ಹಾಗಿತ್ತು.

ಇದು ಆರ್ಕುಟ್ ಅಲ್ಲ. ಎರಡು ಸಾವಿರದ ಒಂಬತ್ತರಲ್ಲಿ ನಮ್ಮ ಕಡೆ ಇಂಟರ್ನೆಟ್ಟಿನಲ್ಲಿ ಜನ ಸೇರುವ ಜಾಗ ಅಂದರೆ ಆರ್ಕುಟ್ ಒಂದೇ. ಇದು ಬೇರೆ, ಕೆಲಸದಲ್ಲಿರುವವರ ಸೈಟು. ಫೋಟೋದಲ್ಲಿ ಹಲ್ಲು ಕಾಣಬಾರದು, ಹೆಸರಿನ ಕೆಳಗೆ ಹುದ್ದೆ ಕಾಣಬೇಕು. ಒಂದೊಂದು ಕಸುಬಿನವರಿಗೆ ಒಂದೊಂದು ಗುಂಪು. ದಕ್ಷಿಣ ಭಾರತದ ರೇಷ್ಮೆಯವರ ಗುಂಪಿನಲ್ಲಿ ವಿಜ್ಞಾನಿಗಳು, ಹುಳದ ಮೊಟ್ಟೆ ಮಾರುವ ಕಂಪೆನಿಯವರು, ನೂಲು ಬಿಚ್ಚುವವರು ಎಲ್ಲರೂ ಇದ್ದಾರೆ ಅಂತ ಹೇಳಿಕೊಂಡಿತ್ತು. ಇದ್ದಿರಬಹುದು. ಮಾತಾಡಿದ್ದನ್ನು ಮಾತ್ರ ನಾನು ಕಾಣೆ.

ನನ್ನನ್ನು ಅಲ್ಲಿಗೆ ಸೇರಿಸಿದವಳು ಅನಂತಲಕ್ಷ್ಮಿ. ಮುಳಬಾಗಿಲಿನವಳು, ಕಾಲೇಜಿನಲ್ಲಿ ನನಗಿಂತ ಮುಂದಿದ್ದವಳು, ಈಗ ಹೈದರಾಬಾದಿನ ಒಂದು ಮೊಟ್ಟೆ ಕಂಪೆನಿಯ ಆಫೀಸಿನಲ್ಲಿದ್ದಾಳೆ. ಆ ಕಂಪೆನಿಗೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಓಡಾಡಿ ರೈತರ ಹುಳದ ಮನೆ ನೋಡಿಕೊಳ್ಳಲು ಒಬ್ಬ ಫೀಲ್ಡ್ ಆಫೀಸರ್ ಬೇಕಾಗಿತ್ತು. ನನಗೆ ಆ ಕೆಲಸ ಬೇಕೇ ಬೇಕಾಗಿತ್ತು. ನಮ್ಮ ಚಾಕಿ ಕೇಂದ್ರದ ಯಜಮಾನರು ಅದನ್ನು ಮುಚ್ಚಿ ಟೊಮೇಟೊ ಕ್ರೇಟುಗಳ ಗೋದಾಮು ಮಾಡುವುದಾಗಿ ಹೇಳಿಬಿಟ್ಟಿದ್ದರು. "ನಿನ್ನ ಕೈ ಬಿಡಲ್ಲಮ್ಮ, ಧರ್ಮಪುರೀಲಿ ನಮ್ಮ ಬಾಮೈದಂದು ಕೇಂದ್ರ ಐತೆ, ಅಲ್ಲಿಗೆ ಹೋಗು" ಅಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಧರ್ಮಪುರಿಗೆ ಹೋದರೆ ನಾನು ಶನಿವಾರ ಬಂದು ಸೋಮವಾರ ಹೋಗುವ ಅಮ್ಮ. ಮಗಳು ಇನ್ನೂ ಎರಡನೇ ಕ್ಲಾಸು. ಅಜ್ಜಿ ಹಾಕಿದ ಜಡೆಯನ್ನು ಬಿಚ್ಚಿ, ಕೆದರಿದ ಕೂದಲಲ್ಲೇ ಸ್ಕೂಲಿಗೆ ಹೋಗುತ್ತಾಳೆ. ಗಂಡ ಚಂದ್ರು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡಿ ಕಂಪೆನಿ ಬಸ್ಸಿನಲ್ಲೇ ನಿದ್ದೆ ಮುಗಿಸುವವನು. ನಾನು ಊರಲ್ಲಿ ಉಳಿಯಬೇಕಾದರೆ ಈ ಹೈದರಾಬಾದಿನ ಕೆಲಸವೊಂದೇ ದಾರಿ.

ಅನಂತಲಕ್ಷ್ಮಿಗೆ ಫೋನು ಮಾಡಿದೆ.

"ಬರೆದೆ ಅಕ್ಕ. ಯಾರೂ ಮಾತಾಡಲಿಲ್ಲ."

"ಕಡೇಲಿ ಪ್ರಶ್ನೆ ಕೇಳಿದ್ಯಾ?"

"ಏನಂತ?"

"ನಿಮ್ಮ ಅನುಭವ ಏನು ಅಂತ, ಏನೋ ಒಂದು."

"ನಂಗೆ ಉತ್ತರ ಗೊತ್ತಲ್ಲ. ಗೊತ್ತಿರೋದನ್ನ ಯಾಕೆ ಕೇಳ್ಲಿ?"

"ಅಯ್ಯೋ, ಜನ ಮಾತಾಡ್ಲಿ ಅಂತ ಕಣೇ! ಜಾಹೀರಾತು ಹಾಕಿ ಕರೆಯೋ ಕಂಪೆನಿ ಅಲ್ಲ ನಮ್ದು. ಕೆಳಗೆ ನಾಲ್ಕು ಜನ ಮಾತಾಡಿದ್ರೆ ನೀನು ಬರೆದಿದ್ದು ತಾನಾಗೇ ಮೇಲಕ್ಕೆ ಹೋಗುತ್ತೆ. ಮೇಲಿರೋದನ್ನ ಆ ಸೈಟಿನೋರು ವಾರಕ್ಕೊಂದ್ಸಲ ಎಲ್ಲರಿಗೂ ಮೇಲ್ ಮಾಡ್ತಾರೆ. ನಮ್ಮ ಮ್ಯಾನೇಜರ್ ಓದೋದು ಆ ಮೇಲ್ ಒಂದೇ. ಯಾರ ಸುತ್ತ ಜನ ಸೇರ್ತಾರೆ ನೋಡಿ ಕೆಲಸಕ್ಕೆ ಕರೀತಾರೆ."

"ಮೇಲೆ ಹೋದ್ರೆ ಜನ ನೋಡ್ತಾರೆ. ಜನ ನೋಡಿ ಮಾತಾಡಿದ್ರೆ ಮೇಲೆ ಹೋಗುತ್ತೆ. ಮೊದಲು ಯಾವುದಕ್ಕ ಆಗೋದು?"

"ಅದು ನಂಗೂ ಗೊತ್ತಿಲ್ಲ ಕಣೇ. ಬೆಳಿಗ್ಗೆ ಹೊತ್ತು ಬರೆದ್ರೆ ಒಳ್ಳೇದು ಅಂತಾರೆ" ಅಂದಳು.

ಬೆಳಿಗ್ಗೆ ಬರೆದರೆ ಯಾಕೆ ಒಳ್ಳೆಯದು? ಬೆಳಿಗ್ಗೆ ಹೊತ್ತು ರೇಷ್ಮೆಯವರು ಯಾರಾದರೂ ಕಂಪ್ಯೂಟರ್ ಮುಂದೆ ಕೂರುತ್ತಾರಾ, ಸೊಪ್ಪು ಕುಯ್ಯುವುದು ಬಿಟ್ಟು? ನನಗೆ ತಲೆಬುಡ ತಿಳಿಯಲಿಲ್ಲ.

ಆ ವಾರ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಕಳೆ ತೆಗೆಯುವುದಿತ್ತು. ಅತ್ತೆ ಶ್ಯಾಮಲಮ್ಮನ ಜೊತೆ ಪಕ್ಕದ ಮನೆಯ ಅಕ್ಕತಂಗಿಯರು, ದೊಡ್ಡಗಂಗಮ್ಮ ಮತ್ತು ಚಿಕ್ಕಗಂಗಮ್ಮ, ಮುಯ್ಯಾಳಾಗಿ ಬಂದಿದ್ದರು. ಇವತ್ತು ಅವರು ನಮ್ಮ ತೋಟಕ್ಕೆ ಬಂದರೆ ಇನ್ನೊಂದು ದಿನ ನಾವು ಅವರ ಹೊಲಕ್ಕೆ ಹೋಗುವುದು. ಕೂಲಿಯಿಲ್ಲ, ಆಳಿಗೆ ಆಳು. ಕೇಂದ್ರಕ್ಕೆ ರಜೆ ಹಾಕಿ ನಾನೂ ಕುಡುಗೋಲು ಹಿಡಿದು ಕೂತಿದ್ದೆ.

"ಎಂ.ಎಸ್ಸಿ. ಕಳೆ ನೋಡ್ರೇ! ಬೇರು ಅಲ್ಲೇ ಬಿಟ್ಟು ತಲೆ ಮಾತ್ರ ಕ್ಷೌರ ಮಾಡವ್ಳೆ" ಅಂದಳು ದೊಡ್ಡಗಂಗಮ್ಮ.

"ಅವಳ ಬುದ್ಧಿ ಇಲ್ಲಿಲ್ಲ ಬಿಡಕ್ಕ" ಅಂದರು ಅತ್ತೆ. "ಏನೇ ಸುನಂದ, ಏನಾಯ್ತು?"

"ನಾನು ಮಾತಾಡಿದ್ರೆ ಯಾರೂ ಮಾತಾಡ್ತಿಲ್ಲ ಅತ್ತೆ. ಕಂಪ್ಯೂಟರಲ್ಲಿ."

ಮೂವರೂ ಕೈ ನಿಲ್ಲಿಸಿದರು. ನಾನು ತಿಳಿದಷ್ಟು ಹೇಳಿದೆ: ಅಲ್ಲೊಂದು ಗುಂಪು, ಅಲ್ಲಿ ಒಬ್ಬೊಬ್ಬರೂ ತಮಗೆ ತಿಳಿದದ್ದು ಬರೆಯುವುದು, ಕೆಳಗೆ ಬೇರೆಯವರು ಬಂದು ಮಾತಾಡಬೇಕು, ಮಾತಾಡಿದರೆ ಮೇಲೆ, ಇಲ್ಲವಾದರೆ ಮಣ್ಣಿನ ಕೆಳಗೆ.

"ಬೇರೆಯೋರು ಬರೆದಾಗ ನೀನು ಹೋಗಿ ಮಾತಾಡಿದ್ಯಾ?" ಅಂತ ಕೇಳಿದರು ಅತ್ತೆ.

"ಇಲ್ಲ."

"ಮತ್ತೆ? ಒಬ್ರ ಹೊಲಕ್ಕೂ ಹೋಗ್ದೆ ನನ್ ಹೊಲಕ್ಕೆ ಬನ್ನಿ ಅಂದ್ರೆ ಯಾರ್ ಬರ್ತಾರೆ? ಮುಯ್ಯಾಳು ಕಟ್ಕೊ."

"ಅದೇ ಅಲ್ವಾ" ಅಂದಳು ಚಿಕ್ಕಗಂಗಮ್ಮ, ಇಷ್ಟು ಓದಿದವಳಿಗೆ ಇದೂ ತಿಳಿಯದಾ ಅನ್ನುವ ದನಿಯಲ್ಲಿ.

ನನಗೆ ಮೊದಲ ಸಲ ಆ ಸೈಟು ಅರ್ಥವಾಯಿತು ಅನ್ನಿಸಿತು. ಹಾಗನ್ನಿಸಿದ್ದೇ ಎಡವಟ್ಟು.

ನನ್ನ ಜೊತೆ ಓದಿದವರಲ್ಲಿ ರೇಷ್ಮೆಯಲ್ಲೇ ಉಳಿದವರು ಇಬ್ಬರು. ಮಾಲೂರಿನ ಭಾರತಮ್ಮ ಹಿಪ್ಪುನೇರಳೆ ಸಸಿ ನರ್ಸರಿ ಇಟ್ಟಿದ್ದಳು. ಕದಿರೇಶ ಮುಳಬಾಗಿಲಿನ ಹಳೇ ಹೈವೇ ಪಕ್ಕ ರೇಷ್ಮೆ ಸಾಮಾನಿನ ಅಂಗಡಿ ಇಟ್ಟಿದ್ದ: ಬಲೆ, ತಟ್ಟೆ, ಬ್ಲೀಚಿಂಗ್ ಪೌಡರ್, ಸುಣ್ಣದ ಪುಡಿ. ಇಬ್ಬರಿಗೂ ಫೋನು ಮಾಡಿ ಗುಂಪಿಗೆ ಸೇರಿಸಿದೆ. ಸರದಿಯ ಮೇಲೆ ಒಬ್ಬರು ಬರೆಯುವುದು, ಮಿಕ್ಕಿಬ್ಬರು ಹೋಗಿ ಮಾತಾಡುವುದು ಎಂದು ಮಾತಾಯಿತು.

"ಏನ್ ಮಾತಾಡ್ಬೇಕು?" ಅಂದ ಕದಿರೇಶ.

"ತಿಳಿದದ್ದು."

"ತಿಳೀದಿದ್ರೆ?"

"ಸುಮ್ನೆ ಇರ್ಬೇಡ. ಅಷ್ಟೇ."

ಮೊದಲ ಸರದಿ ನನ್ನದು. ಹುಳ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗಿ ಸಾಯುವ ಸುಣ್ಣಕಟ್ಟು ರೋಗದ ಬಗ್ಗೆ ಬರೆದೆ, ಕೊನೆಯಲ್ಲಿ ನಿಮ್ಮ ಅನುಭವ ಏನು ಅಂತ ನಾಚಿಕೆಯಿಂದಲೇ ಕೇಳಿದೆ. ಕದಿರೇಶ ಬಂದು "ಸೂಪರ್ ಮೇಡಂ, ವೆರಿ ಯೂಸ್‌ಫುಲ್" ಅಂತ ಬರೆದು ಹೋದ. ಭಾರತಮ್ಮನಿಗೆ ಸಸಿ ಲೋಡು ಮಾಡಿಸುವುದಿತ್ತು. ಮುಯ್ಯಿಗೆ ತಾನು ಹೋಗಲಾಗದಿದ್ದರೆ ಮನೆಯವರನ್ನು ಕಳಿಸುವುದು ವಾಡಿಕೆ. ಅವಳು ಗಂಡನನ್ನು ಕಳಿಸಿದಳು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಹೆಂಡತಿಯ ಹೆಸರಿನಲ್ಲಿ ಒಳಗೆ ಹೋಗಿ, ಶುಚಿತ್ವ ಮತ್ತು ಶಿಸ್ತು ಎಳವೆಯಲ್ಲೇ ಬರಬೇಕು, ಉಗುರು ಕತ್ತರಿಸದ ಮಕ್ಕಳನ್ನು ತಾವು ಪ್ರಾರ್ಥನೆಯಿಂದ ಹೊರಗೆ ನಿಲ್ಲಿಸುವುದಾಗಿ ಬರೆದಿದ್ದರು. ಅದರ ಕೆಳಗೆ ಈರೋಡಿನ ಯಾರೋ ಒಬ್ಬರು "ವೆಲ್ ಸೆಡ್ ಮೇಡಂ" ಅಂದಿದ್ದರು. ಈರೋಡಿನವರೊಬ್ಬರು ನನ್ನ ಪೋಸ್ಟಿಗೆ ಬಂದದ್ದೂ ಉಗುರಿನ ಸಲುವಾಗಿ. ಖುಷಿಪಡಬೇಕೋ ಬೇಡವೋ ತಿಳಿಯಲಿಲ್ಲ.

ಅತ್ತೆಗೆ ವರದಿ ಒಪ್ಪಿಸಿದೆ.

"ಆ ಮುಳಬಾಗ್ಲೋನು ಬದು ಮೇಲೆ ಕೂತು ಬೀಡಿ ಸೇದಿ ಹೋದ ಅನ್ನು" ಅಂದರು. "ಪೋನೀಲೇ, ಹೋಗ್ಲಿ ಬಿಡು. ಅವನು ಹಂಗ್ ಮಾಡ್ದ ಅಂತ ನೀನೂ ಹಂಗ್ ಮಾಡ್ಬೇಡ. ನಮ್ ಹೊಲದಲ್ಲಿ ಹೆಂಗಾದ್ರೂ ಕಿತ್ಕೊ. ಬೇರೆಯೋರ ಹೊಲದಲ್ಲಿ ಒಂದ್ ಕಳೆ ಉಳೀಬಾರ್ದು. ಹೆಸರು ಹೋಗ್ತೈತೆ."

ಮುಂದಿನ ಸರದಿ ಕದಿರೇಶನದು. ಸೈಬರ್ ಸೆಂಟರಿನಲ್ಲಿ ಕೂತು ತೆಗೆದೆ. ಫೋಟೋದಲ್ಲಿ ಎಲ್ಲಿಂದಲೋ ತಂದ ಟೈ ಕಟ್ಟಿಕೊಂಡು, ಯಾರೋ ತೀರಿಕೊಂಡವರ ಮನೆಯಿಂದ ಬಂದ ಮುಖ ಮಾಡಿದ್ದ. ಬರೆದಿದ್ದು ಇಷ್ಟು: ನಮ್ಮಲ್ಲಿ ಉತ್ತಮ ಗುಣಮಟ್ಟದ ಸುಣ್ಣದ ಪುಡಿ ದೊರೆಯುತ್ತದೆ. ನಿಮ್ಮ ಅನುಭವ ಏನು?

ಇದಕ್ಕೆ ಏನಂತ ಮಾತಾಡುವುದು? ಕಳೆ ಕೂಡ ಹುಟ್ಟದ ಕಲ್ಲು ಹೊಲ. ಆದರೆ ಒಪ್ಪಿಕೊಂಡು ಬಂದಾಗಿದೆ. ಯೋಚನೆ ಮಾಡಿದೆ. ಹುಳ ಜ್ವರಕ್ಕೆ ಕೂತಾಗ ತಟ್ಟೆಯಲ್ಲಿನ ಸೊಪ್ಪಿನ ಹಾಸು ಒಣಗಿರಲಿ ಅಂತ ಸುಣ್ಣ ಉದುರಿಸುತ್ತೇವಲ್ಲ, ಅದರಿಂದಲೇ ಶುರು ಮಾಡಿದೆ. ಎಲ್ಲ ಹುಳ ಕೂರುವ ಮುಂಚೆ ಉದುರಿಸಿದರೆ ಮೇಯುತ್ತಿರುವ ಹುಳ ಉಪವಾಸ ಬೀಳುತ್ತದೆ. ಮೋಡದ ದಿನ ಬೇರೆ ಲೆಕ್ಕ, ನಮ್ಮ ಕೋಲಾರದ ಒಣಗಾಳಿಯಲ್ಲಿ ಬೇರೆ ಲೆಕ್ಕ. ಹಾಸಿನೊಳಗೆ ಬೆರಳಿಟ್ಟರೆ ಕೈಗೆ ಹೇಗಿರಬೇಕು, ಸುಣ್ಣ ಹಳೆಯದಾದರೆ ಅಂಗೈಯಲ್ಲಿ ಹೇಗೆ ಗೊತ್ತಾಗುತ್ತದೆ. ಬರೆಯುತ್ತಾ ಹೋದಂತೆ ಸುಲಭವಾಗುತ್ತಾ ಬಂತು. ನನ್ನ ಸ್ವಂತ ಪೋಸ್ಟಿನಲ್ಲಿ ಪ್ರತಿ ಪದಕ್ಕೂ ಡಿಕ್ಷನರಿ ನೋಡುವವಳು ಇಲ್ಲಿ ಒಂದು ಸಲವೂ ನೋಡಲಿಲ್ಲ. ಬೇರೆಯವರ ಹೊಲದಲ್ಲಿ ನನ್ನ ಕೈ ಯಾಕೆ ಅಷ್ಟು ಚುರುಕು, ಇವತ್ತಿಗೂ ಅರ್ಥವಾಗಿಲ್ಲ.

ಹಿಂದೂಪುರದ ಒಬ್ಬರು ಬಂದು ಪ್ರಶ್ನೆ ಕೇಳಿದರು. ಉತ್ತರ ಬರೆದೆ. ಮೈಸೂರಿನ ವಿಜ್ಞಾನಿಯೊಬ್ಬರು ಬಂದು, ಮೋಡದ ದಿನದ ಬಗ್ಗೆ ನೀವು ಹೇಳಿದ್ದು ಪೂರ್ತಿ ಸರಿಯಲ್ಲ ಅಂದರು. ಅವರಿಗೂ ಬರೆದೆ. ಅವರು ಮತ್ತೆ ಬರೆದರು, ನಾನು ಮತ್ತೆ ಬರೆದೆ, ನಡುವೆ ಸೇಲಂನವರೊಬ್ಬರು ಬಂದು ಇಬ್ಬರೂ ತಪ್ಪು ಅಂದರು. ಭಾನುವಾರ ಸಾಲದೆ ವಾರದ ನಡುವೆ ಊಟದ ಹೊತ್ತಿನಲ್ಲಿ ಹುತ್ತೂರಿನಿಂದ ಕೋಲಾರಕ್ಕೆ ಬಸ್ಸು ಹಿಡಿದು ಬಂದು ಬರೆದೆ. ಆ ವಾರ ಹಾಕಬೇಕೆಂದಿದ್ದ ನನ್ನ ಸ್ವಂತ ಬರಹ ಚೀಲದಲ್ಲೇ ಮಡಚಿಕೊಂಡು ಉಳಿಯಿತು. ಮುಯ್ಯಿಗೆ ಹೋದವಳು ಕೊನೆಯ ಸಾಲು ಮುಗಿಸದೆ ಎದ್ದು ಬರುತ್ತಾಳಾ?

ವಾರದ ಮೇಲ್ ಬಂತು. ಎಲ್ಲಕ್ಕಿಂತ ಮೇಲೆ, ಟೈ ಕಟ್ಟಿದ ಕದಿರೇಶ. ಗುಂಪಿನ ಅತಿ ಚುರುಕಿನ ಚರ್ಚೆ ಅವನದು ಅಂತ.

ನನಗೆ ಹೆಮ್ಮೆಯೇ ಆಯಿತು ಅಂದರೆ ನಂಬಬೇಕು. ನಾವು ಕಳೆ ತೆಗೆದ ಹೊಲವನ್ನು ದಾರಿಹೋಕರು ನಿಂತು ನೋಡಿದಂತೆ. ಅನಂತಲಕ್ಷ್ಮಿ ಫೋನು ಮಾಡುವ ತನಕ ಆ ಹೆಮ್ಮೆ ಇತ್ತು.

"ಆ ಕದಿರೇಶ ಯಾರೇ? ಮುಳಬಾಗಿಲು ಅಂತ ಬೇರೆ ಇದೆ. ನಮ್ಮ ಮ್ಯಾನೇಜರ್ ಎರಡು ದಿನದಿಂದ ಅವನ ಹೆಸರೇ ಹೇಳ್ತಿದ್ದಾರೆ. ಕೋಲಾರಕ್ಕೆ ಬಂದು ಮಾತಾಡಿಸ್ತಾರಂತೆ."

"ಅಕ್ಕ, ಅದರ ಕೆಳಗೆ ಇರೋದೆಲ್ಲ ನಾನು ಬರೆದಿದ್ದು!"

"ಅದು ಕಾಮೆಂಟು ಕಣೇ. ಮೇಲ್‌ನಲ್ಲಿ ಫೋಟೋ ಬರೋದು ಚರ್ಚೆ ಶುರು ಮಾಡಿದೋರ್ದು. ಒಳಗೆ ಹೋಗಿ ಯಾರು ಯಾರಿಗೆ ಏನಂದ್ರು ಅಂತ ಓದೋಕೆ ಅವರಿಗೆ ಪುರುಸೊತ್ತು ಎಲ್ಲಿದೆ? ಅಲ್ಲ, ಅಷ್ಟು ಚೆನ್ನಾಗಿರೋದನ್ನ ನಿನ್ನ ಪೋಸ್ಟಿಗೇ ಯಾಕೆ ಹಾಕ್ಕೊಳ್ಲಿಲ್ಲ?"

"ಅದು ಅವನ ಸರದಿ ಇತ್ತಲ್ಲಕ್ಕ."

"ಏನ್ ಸರದಿ?"

ಹೇಳಿದೆ. ಅವಳು ನಗುತ್ತಾಳೋ ಅಳುತ್ತಾಳೋ ಫೋನಿನಲ್ಲಿ ತಿಳಿಯಲಿಲ್ಲ.

ಮಾರನೆಯ ದಿನ ಕದಿರೇಶನೇ ಮೋಟಾರ್ ಬೈಕಿನಲ್ಲಿ ಹುತ್ತೂರಿನ ನಮ್ಮ ಮನೆಗೆ ಬಂದ. ಕೈಯಲ್ಲಿ ಎಲೆಯಲ್ಲಿ ಕಟ್ಟಿಸಿದ ಮುಳಬಾಗಿಲು ದೋಸೆ. ಅದನ್ನು ಅತ್ತೆಯ ಕೈಗೆ ಕೊಟ್ಟು ಜಗಲಿಯ ಮೇಲೆ ಕೂತ. ಚಂದ್ರು ಆಗ ತಾನೆ ಶಿಫ್ಟು ಮುಗಿಸಿ ಬಂದು ಮುಖ ತೊಳೆಯುತ್ತಿದ್ದ.

"ಬೈಯ್ಯಿ ಸುನಂದ" ಅಂದ ಕದಿರೇಶ. "ಬೈದ್ಬಿಟ್ಟು ಹೇಳು. ನಾನು ಹೋಗ್ಲಾ, ಬೇಡ್ವಾ?"

"ನಿಂಗೆ ಅಂಗಡಿ ಐತಲ್ಲೋ."

"ಐತೆ. ಹೈವೇನ ಊರಾಚೆ ಮಾಡಿದ್ಮೇಲೆ ನನ್ ಅಂಗಡಿ ಮುಂದೆ ನಾಯಿ ಬಿಟ್ರೆ ಯಾರೂ ನಿಲ್ಲಲ್ಲ. ನನ್ ಹೆಂಡ್ತಿ ಆ ಮೇಲ್ ನೋಡಿ, ಏನ್ರೀ ನಿಮಗೂ ಇಷ್ಟೆಲ್ಲ ಗೊತ್ತಾ ಅಂತ ಕಾಫಿ ಕೊಟ್ಳು. ಮದುವೆ ಆದ್ಮೇಲೆ ಮೊದಲ್ನೇ ಸಲ ಕೇಳದೇ ಕೊಟ್ಟ ಕಾಫಿ ಕಣಮ್ಮಾ ಅದು."

ನನಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು.

"ಅದು ನಾನು ಬರೆದಿದ್ದು, ಕದಿರೇಶ."

"ನೀನೇ. ಇಲ್ಲ ಅಂದ್ನಾ? ಆದ್ರೆ ನನ್ ಪೋಸ್ಟಿಗೆ ಅಲ್ವಾ ಬರೆದಿದ್ದು?" ಅವನು ಜಗಳಕ್ಕೆ ಹೇಳಿದ್ದಲ್ಲ, ನಿಜವಾಗಿ ಕೇಳುತ್ತಿದ್ದ. "ಮುಯ್ಯಿಗೆ ಬಂದೋರು ಬೆಳೆ ಕೇಳ್ತಾರಾ? ನಂಗೊತ್ತಿಲ್ಲ, ನೀನೇ ಹೇಳು."

ನಾನು ಅತ್ತೆಯ ಕಡೆ ನೋಡಿದೆ. ಈ ಗೊಂದಲಕ್ಕೆ ಮೂಲ ಅವರೇ. ಅವರು ದೋಸೆಯ ಎಲೆ ಬಿಚ್ಚುತ್ತಾ, ತಲೆ ಎತ್ತದೆ, "ಬೆಳೆ ಹೊಲದೋನ್ದೇ" ಅಂದರು.

"ಅತ್ತೆ!"

"ಏನು ಅತ್ತೆ? ಇರೋದು ಹೇಳ್ದೆ. ಗಂಗಮ್ಮ ನಾಳೆ ಬಂದು ನಿನ್ ಸೊಪ್ಪು ನಂದು ಅಂದ್ರೆ ಕೊಡ್ತೀಯಾ?"

ಚಂದ್ರು ಟವೆಲಿನಲ್ಲಿ ಮುಖ ಒರೆಸುತ್ತಾ ಬಂದ. "ನೀವು ಕಟ್ಟಿದ್ದು ಮುಯ್ಯಾಳು. ಪಾಲು ಅಂತ ಮೊದಲೇ ಮಾತಾಡ್ಕೊಂಡಿದ್ರೆ ಅರ್ಧ ಕೆಲಸನಾದ್ರೂ ಬರ್ತಿತ್ತು" ಅಂದ. ತಮಾಷೆ ಮಾಡಿದೆ ಅಂದುಕೊಂಡು ನನ್ನ ಮುಖ ನೋಡಿದವನು ಸುಮ್ಮನೆ ಒಳಗೆ ಹೋದ.

ನಾನು ಸರಿಯೋ ಇವರೆಲ್ಲ ಸರಿಯೋ? ಹೊಲದ ನ್ಯಾಯದಲ್ಲಿ ಕದಿರೇಶ ಸರಿ. ಆದರೆ ಹೊಲದಲ್ಲಿ ಕಳೆ ಕಿತ್ತ ಕೈ ಯಾರದು ಅಂತ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಸೊಪ್ಪು ಸೊಪ್ಪೇ. ಇಲ್ಲಿ ಅವರು ಹುಡುಕುತ್ತಿದ್ದದ್ದು ಕೈಯನ್ನೇ ಅಲ್ಲವಾ? ಅಥವಾ ಅಲ್ಲವೋ? ಜನ ಸೇರುವುದನ್ನು ನೋಡಿ ಕರೆಯುತ್ತಾರೆ ಅಂದಿದ್ದಳು ಅನಂತಲಕ್ಷ್ಮಿ. ಜನ ಸೇರಿದ್ದು ಅವನ ಹೊಲದಲ್ಲೇ.

ಮಗಳು ಸ್ಕೂಲಿನಿಂದ ಬಂದು ಚೀಲ ಎಸೆದು, "ದೋಸೆ ಯಾರದು?" ಅಂದಳು.

"ನಮ್ದೇ ಕಣೇ, ಕೂತ್ಕೊ" ಅಂದರು ಅತ್ತೆ.

ಅವಳು ತಿನ್ನುವುದನ್ನು ನೋಡುತ್ತಾ ಕದಿರೇಶನಿಗೆ ಹೇಳಿದೆ: "ಹೋಗು. ಕೇಳಿದ್ದು ಗೊತ್ತಿದ್ರೆ ಗೊತ್ತು ಅನ್ನು. ಗೊತ್ತಿಲ್ಲದೇ ಇದ್ರೆ ನನ್ನ ಹೆಸರು ಹೇಳು. ಅಷ್ಟು ಮಾಡು."

"ಅಷ್ಟೇನಾ?"

"ಅಷ್ಟೇ."

"ಹಂಗಾದ್ರೆ ಪೂರ್ತಿ ನಿನ್ ಹೆಸರೇ ಹೇಳ್ಬೇಕಾಗ್ತೈತೆ" ಅಂದು ಬೈಕು ಹತ್ತಿದ.

ಸಂದರ್ಶನ ಕೋಲಾರದ ಒಂದು ಹೋಟೆಲಿನಲ್ಲಿ ನಡೆಯಿತು. ಮುಗಿದ ತಕ್ಷಣ ಕದಿರೇಶ ಫೋನು ಮಾಡಿದ. ಅವನ ಮಾತು ಕೇಳಿ ನನ್ನ ತಲೆ ಇನ್ನಷ್ಟು ಕೆಟ್ಟಿತು.

"ಸುಣ್ಣದ ಬಗ್ಗೆ ಕೇಳಿದ್ರು. ಅದು ಸುನಂದ ಬರೆದಿದ್ದು ಸಾರ್ ಅಂದೆ. ಮೋಡದ ದಿನ ಅಂದ್ರು. ಅದೂ ಸುನಂದ ಅಂದೆ. ಮತ್ತೆ ನೀವೇನು ಮಾಡಿದ್ರಿ ಅಂದ್ರು. ನಿಮ್ಮ ಅನುಭವ ಏನು ಅಂತ ಕೇಳ್ದೆ ಸಾರ್ ಅಂದೆ."

"ಆಮೇಲೆ?"

"ನಕ್ಕರು. ಬಿದ್ದು ಬಿದ್ದು ನಕ್ಕರು. ನಕ್ಕು, ಒಂದನೇ ತಾರೀಖಿಂದ ಬನ್ನಿ ಅಂದ್ರು."

"ಯಾರಿಗೆ?"

"ನಂಗೇ! ಅದೇ ನಂಗೂ ಅರ್ಥ ಆಗ್ತಿಲ್ಲ. ತಿಳಿದೋರು ಬೇಕಾದಷ್ಟು ಜನ ಸಿಗ್ತಾರಂತೆ, ತಿಳಿದೋರನ್ನ ಮಾತಾಡಿಸೋನು ಸಿಗಲ್ವಂತೆ. ನಾನೆಲ್ಲಿ ಮಾತಾಡಿಸ್ದೆ? ಸುಣ್ಣ ಮಾರೋಣ ಅಂತ ಬರೆದೆ. ಸುನಂದ, ಇದ್ದೀಯಾ?"

ಇದ್ದೆ. ಕೇಂದ್ರದ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಯಜಮಾನರ ಆಳುಗಳು ಖಾಲಿ ತಟ್ಟೆಗಳನ್ನು ಹೊರಗೆ ಹಾಕಿ ಕ್ರೇಟುಗಳಿಗೆ ಜಾಗ ಮಾಡುತ್ತಿದ್ದರು. ಧರ್ಮಪುರಿಗೆ ಯಾವ ಬಸ್ಸು ಹೋಗುತ್ತದೆ, ಕೃಷ್ಣಗಿರಿಯಲ್ಲಿ ಇಳಿಯಬೇಕಾ ಅಂತ ಯೋಚಿಸುತ್ತಿದ್ದೆ.

ಸಂಜೆಗೆ ಮುಂಚೆ ಇನ್ನೊಂದು ಫೋನು. ಆ ಮ್ಯಾನೇಜರೇ. ಅರ್ಧ ತೆಲುಗು, ಅರ್ಧ ಕನ್ನಡ.

"ಸುನಂದ ಗಾರೂ, ನೀವು ಬರೆದಿದ್ದನ್ನ ಇವತ್ತು ಕೂತು ಓದಿದೆ. ಚಾಲಾ ಬಾಗುಂದಿ, ತುಂಬಾ ಚೆನ್ನಾಗಿದೆ. ನಮ್ಮ ಕಂಪೆನಿಗೆ ಬರ್ತೀರಾ?"

"ಫೀಲ್ಡ್ ಆಫೀಸರ್ ಕೆಲಸ ಕದಿರೇಶನಿಗೆ ಕೊಟ್ಟಿದ್ದೀರಂತಲ್ಲ ಸಾರ್."

"ಅದು ಕೊಟ್ಟಾಯ್ತು. ನಿಮಗೆ ಬೇರೆ. ನಮ್ಮ ಕಂಪೆನಿ ಆ ಗುಂಪ್ನಲ್ಲಿ ಬರೀತದೆ, ಯಾರೂ ಮಾತಾಡಲ್ಲ. ನೀವು ಕೆಳಗೆ ಬಂದು ಮಾತಾಡ್ಬೇಕು. ಬೇರೆಯೋರ ಚರ್ಚೆಗೂ ಹೋಗಿ ಮಾತಾಡ್ಬೇಕು. ಮನೇಲೇ ಕೂತು ಮಾಡ್ಬಹುದು, ಕಂಪ್ಯೂಟರ್ ನಾವು ಕೊಡ್ತೀವಿ."

"ನನ್ನ ಹೆಸರಲ್ಲೇನಾ?"

"ಲೇದಮ್ಮಾ, ನಿಮ್ಮ ಹೆಸರಲ್ಲಲ್ಲ, ಕಂಪೆನಿ ಹೆಸರಲ್ಲಿ."

"ಈ ಕೆಲಸಕ್ಕೆ ಏನಂತಾರೆ ಸಾರ್?"

"ಅದಕ್ಕಿನ್ನೂ ಹೆಸರಿಟ್ಟಿಲ್ಲ" ಅಂದರು. ಅವರ ದನಿಯಲ್ಲೂ ಸ್ವಲ್ಪ ಗೊಂದಲವಿತ್ತು ಅಂತ ನನಗನ್ನಿಸಿತು. "ಏನಾದ್ರೂ ಇಡೋಣ."

ಬೇಕಾದ್ದು ಸಿಕ್ಕಿತ್ತು: ಊರು ಬಿಡಬೇಕಾಗಿಲ್ಲ. ಆದರೆ ಹುಳ? ಜಗಲಿಯಲ್ಲಿ ಕೂತು, ಹುಳವನ್ನೇ ನೋಡದೆ, ಹುಳದ ಬಗ್ಗೆ ಎಷ್ಟು ದಿನ ಬರೆಯಬಹುದು? ತಿಳಿದದ್ದು ಮುಗಿದ ದಿನ ನಾನೂ "ಸೂಪರ್, ವೆರಿ ಯೂಸ್‌ಫುಲ್" ಅನ್ನಲು ಶುರು ಮಾಡುತ್ತೇನೆ.

"ಸಾರ್, ನೋಡದೇ ಬರೆಯೋಕಾಗಲ್ಲ. ಕದಿರೇಶ ಹುಳದ ಮನೆಗಳಿಗೆ ಹೋಗೋವಾಗ ನಾನೂ ಹೋಗ್ಬೇಕು."

"ಅದಕ್ಕೆ ಅವರಿದ್ದಾರಲ್ಲ."

"ಅವನು ನೋಡಿದ್ದನ್ನ ನಾನು ಹೆಂಗೆ ಬರೀಲಿ? ಅವನಿಗೆ ಕಂಡಿದ್ದು ಅವನಿಗೇ ಗೊತ್ತಿರಲ್ಲ. ವಾರದಲ್ಲಿ ಅರ್ಧ ದಿನಗಳಾದ್ರೂ ಹುಳ ನೋಡಕ್ಕೆ ಕಳಿಸಿ. ಇಲ್ಲದಿದ್ರೆ ನಾನು ಧರ್ಮಪುರಿಗೆ ಹೋಗ್ತೀನಿ."

ಧರ್ಮಪುರಿ ಅಂದರೆ ಅವರು ಏನು ತಿಳಿದುಕೊಂಡರೋ. ಅಲ್ಲಿ ಅವರ ಎದುರಾಳಿ ಕಂಪೆನಿ ಏನಾದರೂ ಇತ್ತೋ. ತಡೆದು ತಡೆದು, "ಸರೇ, ಹೋಗಿ. ಆದ್ರೆ ರೈತರ ಮುಂದೆ ಕಂಪೆನಿ ಮನುಷ್ಯ ಅಂದ್ರೆ ಕದಿರೇಶ" ಅಂದರು.

ಗೆದ್ದೆನಾ ಸೋತೆನಾ ಅಂತ ಚಂದ್ರುವನ್ನು ಕೇಳಿದೆ. "ಧರ್ಮಪುರಿ ತಪ್ತಾ?" ಅಂದ. ತಪ್ಪಿತು ಅಂದೆ. "ಮತ್ತೆ?" ಅಂದು ಮಗ್ಗುಲು ಬದಲಾಯಿಸಿ ಮಲಗಿದ. ಅವನ ಪಾಲಿಗೆ ಮುಗಿಯಿತು. ಭಾರತಮ್ಮನನ್ನು ಕೇಳಿದರೆ, "ನನ್ ಸರದಿ ಯಾವಾಗ್ಲೇ?" ಅಂತ ಅವಳೇ ಕೇಳಿದಳು.

ಮೊದಲ ವಾರವೇ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಹೋದೆವು. ಬೈಕು ಓಡಿಸುವವನು ಕದಿರೇಶ, ಹಿಂದೆ ನಾನು. ಅವನ ತಲೆಯ ಮೇಲೆ ಕಂಪೆನಿಯ ಹೆಸರಿದ್ದ ಹೊಸ ಟೋಪಿ, ಕೊರಳಲ್ಲಿ ಕಾರ್ಡು. ನನಗೆ ಕಾರ್ಡು ಇರಲಿಲ್ಲ, ಹುದ್ದೆಯ ಹೆಸರು ಗೊತ್ತಾಗದೆ ಅದು ಇನ್ನೂ ಅಚ್ಚಾಗಿರಲಿಲ್ಲ.

ರೈತರ ಹೆಸರು ಆವಲಪ್ಪ, ವಯಸ್ಸಾದವರು. ಹುಳದ ಮನೆಯ ಬಾಗಿಲಲ್ಲೇ ನಿಂತಿದ್ದರು. ಅವರ ಹಿಪ್ಪುನೇರಳೆ ತೋಟಕ್ಕೆ ತಾಗಿಕೊಂಡೇ ಪಕ್ಕದವರ ಟೊಮೇಟೊ ಹೊಲವಿತ್ತು. ಹುಳಗಳು ಬೆಳಗಿನಿಂದ ಸೊಪ್ಪು ಮುಟ್ಟುತ್ತಿಲ್ಲವಂತೆ; ಕೆಲವು ತಲೆ ಆಡಿಸುತ್ತಾ ಹಸಿರು ಕಕ್ಕುತ್ತಿವೆಯಂತೆ. ಎಲ್ಲವನ್ನೂ ಕದಿರೇಶನ ಟೋಪಿಗೆ ಹೇಳಿದರು. ಕದಿರೇಶ ಗಂಭೀರವಾಗಿ ತಲೆದೂಗಿ, "ನಿಮ್ಮ ಅನುಭವ ಏನು?" ಅಂದುಬಿಟ್ಟ.

ಆವಲಪ್ಪ ಅವನನ್ನು ನೋಡಿದರು, ನನ್ನನ್ನು ನೋಡಿದರು. "ಮೀ ಇದ್ದರ್ಲೋ ಕಂಪೆನಿವಾಳ್ಳು ಎವರಮ್ಮಾ?" ಅಂತ ತೆಲುಗಿನಲ್ಲಿ ಕೇಳಿದರು. ನಿಮ್ಮಿಬ್ಬರಲ್ಲಿ ಕಂಪೆನಿಯವರು ಯಾರು?

ಕದಿರೇಶ ನನ್ನ ಕಡೆ ತಿರುಗಿದ. ನಾನು ಅವನ ಕಡೆ. ಆಗಲೇ ಒಳಗೆ ಅವರ ಹೆಂಡತಿ ಹೊಸ ಹೊರೆ ಬಿಚ್ಚಿ ತಟ್ಟೆಗೆ ಸೊಪ್ಪು ಹಾಕುವುದು ಕಂಡಿತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಒಂದು ಎಲೆ ಎತ್ತಿ ಮೂಸಿದೆ.

"ತಾತಾ, ಪಕ್ಕದೋರು ಟೊಮೇಟೊಗೆ ಔಷಧಿ ಹೊಡೆದಿದ್ದು ಯಾವತ್ತು?"

"ನಿನ್ನೆ ಸಾಯಂಕಾಲ. ಯಾಕಮ್ಮಾ?"

"ಗಾಳಿ ಈ ಕಡೆ ಇತ್ತಾ?"

ಅವರು ಹೆಂಡತಿಯ ಕಡೆ ಕೈ ಬೀಸಿ, "ಆಪವೇ! ಆ ಆಕು ವೇಯೊದ್ದು!" ಅಂತ ಕೂಗಿದರು, ನಿಲ್ಲಿಸು, ಆ ಸೊಪ್ಪು ಹಾಕಬೇಡ ಅಂತ. ಆಕೆ ಹೊರೆ ಹಿಡಿದು ಹಾಗೇ ನಿಂತರು. ಮೂರನೇ ತಟ್ಟೆಯವರೆಗೂ ಸೊಪ್ಪು ಬಿದ್ದಾಗಿತ್ತು. ನಾನು ಮೊದಲ ತಟ್ಟೆಯಿಂದ ಎಲೆ ಬಾಚಲು ಶುರು ಮಾಡಿದೆ, ಆವಲಪ್ಪ ಎರಡನೆಯದಕ್ಕೆ ಕೈ ಹಾಕಿದರು. ಕದಿರೇಶ ತೋಟದ ಆ ಮೂಲೆಯಿಂದ ಔಷಧಿ ತಾಗದ ಸೊಪ್ಪು ತರಲು ಓಡಿದ. ಓಡುವಾಗ ಬಿದ್ದ ಟೋಪಿಯನ್ನು ಎತ್ತಿಕೊಳ್ಳಲು ನಿಲ್ಲಲಿಲ್ಲ.